ಟಿಎಂಎಸ್ ಟ್ರೈನಿಂಗ್ ತಗೊಂಡವ್ರು ಇದ್ರೆ ಅನುಭವ ಹೇಳಿ (ಹಾಸನ, ಚಿಕ್ಕಮಗಳೂರು ಕಡೆ)

ಕೇಳಿದ್ದು: ನಾನು ಹಾಸನದಲ್ಲಿ ಮನೋವೈದ್ಯ. ಎಂಡಿ ಮಾಡುವಾಗ ಟಿಎಂಎಸ್ (ತಲೆ ಮೇಲೆ ಕಾಯಿಲ್ ಇಟ್ಟು ಮ್ಯಾಗ್ನೆಟ್ ಪಲ್ಸ್‌ನಿಂದ ಮೆದುಳನ್ನ ಪ್ರಚೋದಿಸೋ ಚಿಕಿತ್ಸೆ) ಬಗ್ಗೆ ಪರೀಕ್ಷೆಗೆ ಓದಿದ್ದೆ ಅಷ್ಟೆ, ಆ ಕಾಯಿಲ್ ಅಂದ್ರೆ ತಂತಿ ಸುರುಳಿ ಕೈಯಲ್ಲಿ ಹಿಡಿದಿಲ್ಲ. ಎರಡು ಮೂರು ಥರ ಮಾತ್ರೆ ಬದಲಾಯಿಸಿದ್ರೂ ಡಿಪ್ರೆಷನ್ ಇಳೀದೇ ಇರೋರು ಬರ್ತಾನೇ ಇದಾರೆ, ಅವ್ರನ್ನ ಬೆಂಗಳೂರಿಗೆ ಹೋಗಿ ಅಂದ್ರೆ ಅರ್ಧಕ್ಕರ್ಧ ಜನ ಹೋಗೋದೇ ಇಲ್ಲ. ಇಲ್ಲೇ ಶುರು ಮಾಡೋಣ ಅಂತಿದೀನಿ. ಮಷಿನ್ ಮಾರೋರು "ಒಂದಿನ ಬಂದು ಎಲ್ಲಾ ತೋರಿಸ್ಕೊಡ್ತೀವಿ ಸರ್" ಅಂತಾರೆ. ಅಷ್ಟು ಸಾಕಾ? ಎಲ್ಲಿ ಕಲಿಯೋದು, ಏನೇನು ಕಲಿಯೋದು?

ಚಿಕ್ಕಮಗಳೂರಿನ ಮನೋವೈದ್ಯೆ:
ಸಾಕಾಗಲ್ಲ ಸರ್. ಆ ಒಂದಿನದಲ್ಲಿ ಮಷಿನ್ ಆನ್ ಮಾಡೋದು, ಪ್ರೋಟೋಕಾಲ್ (ಪಲ್ಸ್ ಯಾವ ಕ್ರಮದಲ್ಲಿ ಕೊಡೋದು ಅನ್ನೋದು) ಸೆಲೆಕ್ಟ್ ಮಾಡೋದು ಬರುತ್ತೆ. ಕಷ್ಟ ಇರೋದು ಕಾಯಿಲ್ ಹಿಡಿಯೋದ್ರಲ್ಲಿ. ಮೊದಲು ಮೋಟಾರ್ ಥ್ರೆಶೋಲ್ಡ್ (ಬೆರಳು ಅದುರೋಕೆ ಬೇಕಾದ ಅತಿ ಕಡಿಮೆ ಪವರ್) ತೆಗೀಬೇಕಲ್ಲ, ಪೇಷಂಟ್ ಬಲಗೈನ ದಿಂಬಿನ ಮೇಲೆ ಸಡಿಲವಾಗಿ ಇಡಿಸಿ, ಎಂಟರ ಆಕಾರದ ಕಾಯಿಲ್‌ನ ತಲೆಯ ಎಡಭಾಗಕ್ಕೆ ನಡು ಗೆರೆಯಿಂದ 45 ಡಿಗ್ರಿ ಓರೆಯಾಗಿ ಇಟ್ಟು, ಕಮ್ಮಿ ಪವರ್‌ನಿಂದ ಒಂದೊಂದೇ ಪಲ್ಸ್ ಕೊಡ್ತಾ ಹೆಬ್ಬೆರಳು ಎಲ್ಲಿ ಚೆನ್ನಾಗಿ ಅದುರುತ್ತೆ ಅಂತ ಅರ್ಧರ್ಧ ಸೆಂಟಿಮೀಟರ್ ಸರಿಸ್ಕೊಂಡು ಹುಡುಕ್ಬೇಕು. ಜಾಗ ಸಿಕ್ಕಿದ ಮೇಲೆ 10 ಪಲ್ಸ್‌ಗೆ 5 ಸಲ ಅದುರೋ ಅಷ್ಟು ಅತಿ ಕಡಿಮೆ ಪವರ್ ಯಾವ್ದು ಅಂತ ಗುರುತು ಹಾಕ್ಕೋಬೇಕು. ಇದನ್ನ ಪುಸ್ತಕದಲ್ಲಿ ಓದಿ ಕಲಿಯೋಕಾಗಲ್ಲ. ಕಾಯಿಲ್‌ನ ಒಂದು ಅಂಚು ತಲೆಯಿಂದ ಸ್ವಲ್ಪ ಎದ್ದಿದ್ರೂ ಥ್ರೆಶೋಲ್ಡ್ ಸುಳ್ಳು ಸುಳ್ಳೇ ಜಾಸ್ತಿ ಬರುತ್ತೆ, ಆಮೇಲೆ ಡಿಪ್ರೆಷನ್‌ಗೆ ಸಾಮಾನ್ಯವಾಗಿ ಅದರ 120 ಪರ್ಸೆಂಟ್ ಕೊಡ್ತೀವಿ, ಅಂದ್ರೆ ತಪ್ಪು ಲೆಕ್ಕದ ಮೇಲೆ ಇಡೀ ಕೋರ್ಸ್ ನಡೆಯುತ್ತೆ.

ಇನ್ನು ಟ್ರೀಟ್‌ಮೆಂಟ್ ಕೊಡೋ ಜಾಗ. ಹಿಂದೆ ಹೆಬ್ಬೆರಳಿನ ಜಾಗದಿಂದ 5 ಸೆಂಟಿಮೀಟರ್ ಮುಂದೆ ಅಂತ ಅಳೆದು ಬಿಡೋರು, ತಲೆ ಎಲ್ರದ್ದೂ ಒಂದೇ ಸೈಜ್ ಇರುತ್ತಾ? ಈಗ ಮೂಗಿನ ಬುಡದಿಂದ ಹಿಂದಲೆ ಉಬ್ಬಿನ ತನಕ, ಕಿವಿಯಿಂದ ಕಿವಿಗೆ, ಆಮೇಲೆ ತಲೆ ಸುತ್ತಳತೆ, ಈ ಮೂರನ್ನ ಟೇಪಲ್ಲಿ ಅಳೆದು ಎಫ್3 ಪಾಯಿಂಟ್ (ತಲೆಯ ಎಡಭಾಗದಲ್ಲಿ ಮುಂದೆ, ಕಾಯಿಲ್ ಇಡೋ ಜಾಗ) ಹುಡುಕೋ ಬೀಮ್ ಪದ್ಧತಿ ಇದೆ, ಅದನ್ನ ಕಲೀರಿ. ನಿಮ್ಮ ಜೊತೆಯವ್ರ ತಲೆ ಮೇಲೇ ಅಳೆದು ಅಳೆದು ಕೈ ಕೂರಿಸ್ಕೊಳ್ಳಿ.

ಇನ್ನೊಂದು, ನೀವೂ ಒಂದ್ಸಲ ಕುರ್ಚೀಲಿ ಕೂತು ಪಲ್ಸ್ ತಗೊಳ್ಳಿ (ಫಿಟ್ಸ್, ತಲೇಲಿ ಮೆಟಲ್ ಏನೂ ಇಲ್ಲ ಅಂದ್ರೆ). ಹಣೆ ಚುರ್ ಅನ್ನುತ್ತೆ, ಎಡಗಣ್ಣು ಮಿಟುಕುತ್ತೆ, ಕೆಲವ್ರಿಗೆ ಹಲ್ಲಿನ ತನಕ ಹೋಗುತ್ತೆ, ಮರಕುಟಿಗ ಹಣೆ ಮೇಲೆ ಕೂತಂಗೆ. ಅದು ಗೊತ್ತಿದ್ರೆ ಪೇಷಂಟ್‌ಗೆ ಹೇಳೋ ಮಾತೇ ಬೇರೆ ಥರ ಇರುತ್ತೆ.

ಎಲ್ಲಿ ಅಂದ್ರೆ, ಮೊದಲು ನಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಎಲ್ಲೇ ಸೇರಿದ್ರೂ ಕೇಳ್ಬೇಕಾದ್ದು ಒಂದೇ, ಪಾಠ ಆದ್ಮೇಲೆ ನಿಜವಾದ ಪೇಷಂಟ್ ಮೇಲೆ ನನ್ ಕೈಲಿ ಮಾಡಿಸಿ ಪಕ್ಕದಲ್ಲಿ ನಿಂತು ನೋಡೋರು ಇದಾರಾ ಅಂತ. ಅಂತರರಾಷ್ಟ್ರೀಯ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಒಕ್ಕೂಟ 2021ರಲ್ಲಿ ಇದಕ್ಕಂತಲೇ ಶಿಫಾರಸು ಕೊಟ್ಟಿದೆ, ಟೆಕ್ನಿಷಿಯನ್, ಡಾಕ್ಟರ್, ಸಂಶೋಧಕರು ಮೂವರಿಗೂ ಬೇರೆ ಬೇರೆ ಏನೇನು ಬೇಕು ಅಂತ. ಅದನ್ನ ಓದ್ಕೊಂಡೇ ಹೋಗಿ.

ಟಿಎಂಎಸ್ ರೂಮಲ್ಲಿ ಕೆಲಸ ಮಾಡೋ ಸಿಸ್ಟರ್:
ಸರ್, ದಿನಾ ಪೇಷಂಟ್ ಹತ್ರ ಕೂರೋದು ನಾವು. ದಯವಿಟ್ಟು ಟ್ರೈನಿಂಗ್‌ಗೆ ಹೋಗುವಾಗ ಒಬ್ರು ಸಿಸ್ಟರ್‌ನೋ ಟೆಕ್ನಿಷಿಯನ್‌ನೋ ಕರ್ಕೊಂಡು ಹೋಗಿ. ನಮ್ ಕಡೆ ಹೆಂಗಸರು ತಲೆಗೆ ಎಣ್ಣೆ ಹಾಕ್ಕೊಂಡು ತುರುಬು ಕಟ್ಟಿ ಹೂ ಮುಡ್ಕೊಂಡು ಬರ್ತಾರೆ, ಒಳಗಡೆ ನಾಲ್ಕೈದು ಹೇರ್‌ಪಿನ್ ಇರುತ್ತೆ, ತುರುಬು ಬಿಚ್ಚಿಸದೆ ಹಿಂದಲೆ ಅಳತೆ ಸಿಗಲ್ಲ. ಪಿನ್ನು, ಓಲೆ, ಜುಮುಕಿ, ಕನ್ನಡಕ ಎಲ್ಲಾ ತೆಗೆಸಿ ಒಂದು ಡಬ್ಬೀಲಿ ಹಾಕಿ ಅವ್ರ ಕಡೆಯವ್ರ ಕೈಗೇ ಕೊಡಿ. ಇಬ್ರಿಗೂ ಇಯರ್‌ಪ್ಲಗ್, ಪೇಷಂಟ್‌ಗೂ ನಮ್ಗೂ, ಯಾಕಂದ್ರೆ ಆ ಟಕಟಕ ಸದ್ದು ಕಿವಿಗೆ ಒಳ್ಳೇದಲ್ಲ. ದಿನಾ ಶುರು ಮಾಡೋಕ್ ಮುಂಚೆ ಕೇಳೋದು: ರಾತ್ರಿ ನಿದ್ದೆ ಆಯ್ತಾ, ನಿನ್ನೆ ಕುಡಿದ್ರಾ ಅಥವಾ ದಿನಾ ಕುಡಿಯೋರು ಈಗ ಒಂದೇ ಸಲ ಬಿಟ್ರಾ, ಹೊಸ ಮಾತ್ರೆ ಏನಾದ್ರೂ ಶುರು ಆಯ್ತಾ. ಇಂಥದ್ರಿಂದ ಫಿಟ್ಸ್ ಬರೋ ಸಾಧ್ಯತೆ ಜಾಸ್ತಿ ಆಗ್ಬೋದು, ಅದಕ್ಕೇ ಇದನ್ನ ಕೇಳದೆ ಬಟನ್ ಒತ್ತಲ್ಲ. ಫಿಟ್ಸ್ ಅಪರೂಪ, ನಾನು ನೋಡಿಲ್ಲ, ಆದ್ರೂ ಬಂದ್ರೆ ಯಾರು ಕಾಯಿಲ್ ತೆಗೀತಾರೆ, ಯಾರು ಪಕ್ಕಕ್ಕೆ ಮಲಗಿಸ್ತಾರೆ, ಆಕ್ಸಿಜನ್ ಎಲ್ಲಿದೆ ಅಂತ ಆಗಾಗ ರಿಹರ್ಸಲ್ ಮಾಡ್ತೀವಿ.

ಸಕಲೇಶಪುರ ಕಡೆಯವ್ರು, ಪೇಷಂಟ್ ಅಣ್ಣ:
ಡಾಕ್ಟ್ರೇ, ನಾನು ವೈದ್ಯಕೀಯದವನಲ್ಲ, ತಮ್ಮನಿಗೆ ಈ ಟ್ರೀಟ್‌ಮೆಂಟ್ ಮಾಡಿಸಿದೀವಿ. ಅಮ್ಮ "ತಲೆಗೆ ಕರೆಂಟ್ ಕೊಡ್ತಾರಂತೆ" ಅಂತ ಅತ್ತುಬಿಟ್ರು. ಡಾಕ್ಟ್ರು ಕೂರಿಸ್ಕೊಂಡು ಇದು ಈಸಿಟಿ (ಅರಿವಳಿಕೆ ಕೊಟ್ಟು ತಲೆಗೆ ಕರೆಂಟ್ ಕೊಡೋ ಚಿಕಿತ್ಸೆ) ಅಲ್ಲಮ್ಮ, ಅರಿವಳಿಕೆ ಕೊಡಲ್ಲ, ಅವ್ನು ಎಚ್ಚರವಾಗೇ ಇರ್ತಾನೆ, ಮುಗಿದ ಮೇಲೆ ಎದ್ದು ನಡ್ಕೊಂಡು ಬರ್ತಾನೆ, ಒಳಗೆ ಹೋಗೋದು ಮ್ಯಾಗ್ನೆಟ್ ಶಕ್ತಿ ಅಂತ ಹೇಳಿ ಕಾಯಿಲ್ ತೋರಿಸಿದ್ರು, ಆಮೇಲೆ ಒಪ್ಪಿದ್ರು. ಈ ಥರ ಹೇಳೋದನ್ನೂ ಟ್ರೈನಿಂಗಲ್ಲಿ ಕಲಿಸ್ಬೇಕು. ಎರಡನೇದು, ವಾರಕ್ಕೆ 5 ದಿನ, 4ರಿಂದ 6 ವಾರ ಅಂದ್ರೆ ನಮ್ಮಂಥೋರಿಗೆ ಸಣ್ಣ ಮಾತಲ್ಲ. ಕಾಫಿ ಕುಯ್ಲಿನ ಟೈಮಲ್ಲಿ ಆಗೋದೇ ಇಲ್ಲ, ಆನೆ ಓಡಾಡೋ ಕಡೆ ಕತ್ತಲಾದ್ಮೇಲೆ ಬಸ್ ಇಳಿದು ನಡೆಯಂಗಿಲ್ಲ. ನಮ್ಗೆ ಬೆಳಗ್ಗೆ ಟೈಮ್ ಕೊಟ್ಟಿದ್ದಕ್ಕೇ ಕೋರ್ಸ್ ಪೂರ್ತಿ ಆಯ್ತು. ಮೊದಲೆರಡು ವಾರ ಏನೂ ಗೊತ್ತಾಗದೆ ಇರ್ಬೋದು, ಬಿಡ್ಬೇಡಿ ಅಂತ ಮುಂಚೇನೇ ಹೇಳಿದ್ರು, ಇಲ್ದಿದ್ರೆ ಖಂಡಿತ ಬಿಡ್ತಿದ್ವಿ.

ಹಾಸನದ ಇನ್ನೊಬ್ಬ ಮನೋವೈದ್ಯ:
ಮೇಡಂ ಎಲ್ಲಾ ಹೇಳಿದಾರೆ, ಒಂದೆರಡು ಸೇರಿಸ್ತೀನಿ. ಯಾರಿಗೆ ಕೊಡ್ಬಾರ್ದು ಅನ್ನೋದು ಕಲಿಯೋದೇ ಟ್ರೈನಿಂಗ್‌ನ ಅರ್ಧ ಭಾಗ. ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸೋಕೆ ಒಳಗೆ ಕೂರಿಸೋ ಸಾಧನ), ತಲೆ ಒಳಗೆ ಮೆಟಲ್ ಕ್ಲಿಪ್ ಇದ್ರೆ ಬೇಡ. ಊಟ ನೀರು ಬಿಟ್ಟು ಮಲಗಿರೋರು, ಸಾಯೋ ಯೋಚನೆ ಜೋರಾಗಿ ಇರೋರು, ಡಿಪ್ರೆಷನ್ ಜೊತೆ ಭ್ರಮೆ ಇರೋರು, ಇಂಥವ್ರಿಗೆ ಇವತ್ತಿಗೂ ಈಸಿಟಿನೇ ಬೇಗ ಕೆಲಸ ಮಾಡೋದು, ಹೊಸ ಮಷಿನ್ ಬಂದಿದೆ ಅಂತ ಅವ್ರನ್ನ ವಾರಗಟ್ಟಲೆ ಕಾಯಿಸ್ಬೇಡಿ. ಬ್ಯುಪ್ರೊಪಿಯಾನ್, ಕ್ಲೋಜಪಿನ್ ಮಾತ್ರೆ ತಗೊಳ್ಳೋರಲ್ಲಿ ಎರಡು ಸಲ ಯೋಚ್ನೆ ಮಾಡಿ, ಇವು ಫಿಟ್ಸ್ ಸಾಧ್ಯತೆ ಜಾಸ್ತಿ ಮಾಡುತ್ತೆ.

2008ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ) ಒಪ್ಪಿದ ಹಳೇ ಪ್ರೋಟೋಕಾಲ್‌ಗೆ ಒಂದು ಸೆಷನ್ 37 ನಿಮಿಷ ಚಿಲ್ರೆ. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಕೆನಡಾದ ಟ್ರಯಲ್‌ನಲ್ಲಿ 3 ನಿಮಿಷದ ಥೀಟಾ ಬರ್ಸ್ಟ್ (ಪಲ್ಸ್‌ಗಳನ್ನ ಸಣ್ಣ ಗುಂಪಾಗಿ ಬೇಗ ಬೇಗ ಕೊಡೋ ವಿಧಾನ) ಅದಕ್ಕೇನೂ ಕಮ್ಮಿ ಇಲ್ಲ ಅಂತ ಗೊತ್ತಾಯ್ತು. ನಮ್ಮಂಥ ಊರಿಗೆ ಅದನ್ನ ಸರಿಯಾಗಿ ಕಲ್ತ್ರೆ ಒಂದೇ ಕುರ್ಚೀಲಿ ಜಾಸ್ತಿ ಜನಕ್ಕೆ ಕೊಡ್ಬೋದು. ಕಾಯಿಲ್ ಬಿಸಿ ಆಗುತ್ತೆ, ಎಸಿ ಬೇಕು, ಮಳೆಗಾಲದಲ್ಲಿ ಕರೆಂಟ್ ಹೋಗೋ ಏರಿಯಾ ಆದ್ರೆ ಯುಪಿಎಸ್ ಲೋಡ್ ಲೆಕ್ಕ ಮೊದಲೇ ಕೇಳಿ.

ಕೇಳಿದವ್ರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಷಿನ್ ಬುಕಿಂಗ್ ನಿಲ್ಲಿಸಿದೀನಿ, ಮೊದಲು ಟ್ರೈನಿಂಗ್, ನಮ್ ಸಿಸ್ಟರ್‌ನೂ ಕರ್ಕೊಂಡೇ ಹೋಗ್ತೀನಿ. ಮೇಡಂ, ನಿಮ್ಮಲ್ಲಿ ಥ್ರೆಶೋಲ್ಡ್ ತೆಗೆಯೋದು ನೋಡೋಕೆ ಬರ್ಬೋದಾ?

ಚಿಕ್ಕಮಗಳೂರಿನ ಮನೋವೈದ್ಯೆ:
ಬನ್ನಿ ಸರ್. ಹೊಸ ಪೇಷಂಟ್‌ಗಳಿಗೆ ಸೋಮವಾರ ಬೆಳಗ್ಗೆ ತೆಗೀತೀವಿ, ಅವ್ರು ಒಪ್ಪಿದ್ರೆ ಪಕ್ಕದಲ್ಲೇ ನಿಂತು ನೋಡಿ. ಅವ್ರನ್ನ ಕಳಿಸಿದ ಮೇಲೆ ನನ್ ತಲೆ ಮೇಲೆ ನೀವು ಹುಡುಕಿ. ಸಿಸ್ಟರ್‌ನೂ ಕರ್ಕೊಂಡು ಬನ್ನಿ.