ಕಿಲಿಮಂಜಾರೋ ತಪ್ಪಲಿನ ಗೆಳೆಯನಿಗೆ ಹಿಮ ತೋರಿಸಬೇಕು: ಫೆಬ್ರವರಿಯಲ್ಲಿ ಎಲ್ಲಿಗೆ ಕರೆದೊಯ್ಯಲಿ?

ಹುಣಸೂರು ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನನ್ನ ಜೊತೆ ಸ್ನಾತಕೋತ್ತರ ಪದವಿ ಓದುತ್ತಿರುವ ಗೆಳೆಯನೊಬ್ಬ ಟಾಂಜಾನಿಯಾದವನು. ಅವನ ಊರು ಮೋಶಿ, ಕಿಲಿಮಂಜಾರೋ ಪರ್ವತದ ತಪ್ಪಲಿನಲ್ಲಿದೆ. ನಮ್ಮ ಕೊಡಗು, ಚಿಕ್ಕಮಗಳೂರಿನಂತೆ ಅಲ್ಲಿಯೂ ಕಾಫಿ ಮತ್ತು ಬಾಳೆ ಬೆಳೆಯುತ್ತಾರೆ. ಮೋಡ ಸರಿದ ಬೆಳಿಗ್ಗೆ ಅವರ ಮನೆಯಂಗಳದಲ್ಲಿ ನಿಂತರೆ 5,895 ಮೀಟರ್ ಎತ್ತರದ ಪರ್ವತದ ಬಿಳಿ ನೆತ್ತಿ ಕಾಣಿಸುತ್ತದೆಯಂತೆ. ಹುಟ್ಟಿದಾಗಿನಿಂದ ಆ ಬಿಳುಪನ್ನು ನೋಡುತ್ತಲೇ ಬೆಳೆದವನು ಒಂದು ದಿನವೂ ಅದನ್ನು ಮುಟ್ಟಿಲ್ಲ. ಶಿಖರ ಹತ್ತಿ ಇಳಿಯಲು ಆರೇಳು ದಿನ ಬೇಕು, ಅದರ ಖರ್ಚು ಅವರ ಮನೆಗೆ ಎಂದೂ ನಿಲುಕಿದ್ದಲ್ಲ. ಪ್ರವಾಸಿಗರ ಸಾಮಾನು ಹೊರುವ ಕೆಲಸ ಮಾಡುತ್ತಿದ್ದ ಸೋದರಮಾವನೊಬ್ಬರು ಮಾತ್ರ ಅಲ್ಲಿಗೆ ಹೋಗಿ ಬಂದವರು. 1912ರಲ್ಲಿ ಆ ಪರ್ವತದ ಮೇಲಿದ್ದ ಹಿಮರಾಶಿಯ ಹರವಿನಲ್ಲಿ ಶೇಕಡಾ 85ರಷ್ಟು 2007ರ ಹೊತ್ತಿಗೇ ಇಲ್ಲವಾಗಿತ್ತು. ತನ್ನ ಅಜ್ಜಿಯ ಕಾಲದಲ್ಲಿ ಬಿಳುಪು ಇನ್ನೂ ಕೆಳಗಿನವರೆಗೆ ಇಳಿದಿತ್ತೆಂದು ಅವನು ಹೇಳುತ್ತಿರುತ್ತಾನೆ.

ಕಳೆದ ಡಿಸೆಂಬರಿನಲ್ಲಿ ಅವನನ್ನು ಮಡಿಕೇರಿಯ ನಮ್ಮ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ಚಿಕ್ಕಮ್ಮ "ಬೆಳಗಿನ ಜಾವ ಇಲ್ಲಿ ಚೆನ್ನಾಗಿ ಮಂಜು ಬೀಳುತ್ತದೆ" ಎಂದರು. ನಾನು ಯೋಚಿಸದೆ ಅದನ್ನು ಹಿಮವೆಂದು ಅರ್ಥ ಬರುವಂತೆ ಅವನಿಗೆ ತಿಳಿಸಿಬಿಟ್ಟೆ. ಅವನ ಸ್ವಾಹಿಲಿ ಭಾಷೆಯಲ್ಲಿ ಹಿಮಕ್ಕೆ ತೆಲುಜಿ, ಮಂಜುಗಡ್ಡೆಗೆ ಬರಾಫು, ಕಾವಳಕ್ಕೆ ಉಕುಂಗು ಎಂದು ಬೇರೆ ಬೇರೆ ಪದಗಳಿವೆ, ನಾವೋ ಎಷ್ಟೋ ಸಲ ಎಲ್ಲವನ್ನೂ ಮಂಜು ಎಂದೇ ಮುಗಿಸುತ್ತೇವೆ. ಬೆಳಿಗ್ಗೆ ಐದು ಗಂಟೆಗೆ ಎಚ್ಚರವಾಗಿ ಹೊರಗೆ ಬಂದು ನೋಡಿದರೆ ಅವನು ಜಗಲಿಯ ತುದಿಯಲ್ಲಿ ಎರಡೂ ಅಂಗೈ ಚಾಚಿಕೊಂಡು ಕಾವಳದೊಳಗೆ ನಿಂತಿದ್ದ. ಆ ನೋಟ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಮಾರ್ಚ್ ಕೊನೆಯಲ್ಲಿ ಅವನು ಊರಿಗೆ ಮರಳುತ್ತಾನೆ. ಅಷ್ಟರಲ್ಲಿ ಅವನಿಗೆ ನಿಜವಾದ ಹಿಮ ತೋರಿಸಬೇಕು, ಸಾಧ್ಯವಾದರೆ ಬೀಳುವಾಗಲೇ ತೋರಿಸಬೇಕು. ಫೆಬ್ರವರಿಯ ಮೊದಲ ಎರಡು ವಾರಗಳಲ್ಲಿ ಪ್ರಯಾಣವೂ ಸೇರಿ ಏಳೆಂಟು ದಿನ ಬಿಡುವು ಮಾಡಿಕೊಳ್ಳಬಹುದು. ನಾನೂ ಹಿಮ ನೋಡಿದವನಲ್ಲ. ಯಾವ ಊರು, ಎಷ್ಟು ದಿನ, ಎಂಥ ಬಟ್ಟೆ, ವಿದೇಶದವನಾದ್ದರಿಂದ ಯಾವ ಅನುಮತಿ, ಇವನ್ನು ತಿಳಿದವರು ದಯವಿಟ್ಟು ಹೇಳಬೇಕು.

ಚಿನಾರ್ ನೆರಳು

ಬ್ಯಾಂಕ್ ಕೆಲಸದ ಮೇಲೆ ಮೂರು ಚಳಿಗಾಲ ಶ್ರೀನಗರದಲ್ಲಿದ್ದವನು ನಾನು. ನೀವು ಕೇಳಿರುವ ಸಮಯಕ್ಕೆ ಗುಲ್ಮಾರ್ಗ್ ಸೂಕ್ತವೆಂಬುದು ನನ್ನ ಅಭಿಪ್ರಾಯ. ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಚಿಲ್ಲೈ ಕಲಾನ್ ಎಂದೂ, ಅದರ ನಂತರದ ಇಪ್ಪತ್ತು ದಿನಗಳನ್ನು ಚಿಲ್ಲೈ ಖುರ್ದ್ ಎಂದೂ, ಕೊನೆಯ ಹತ್ತು ದಿನಗಳನ್ನು ಚಿಲ್ಲೈ ಬಚ್ಚಾ ಎಂದೂ ಕರೆಯುತ್ತಾರೆ. ನಿಮ್ಮ ಪ್ರವಾಸ ಚಿಲ್ಲೈ ಖುರ್ದ್ ಅವಧಿಗೆ ಬರುತ್ತದೆ. ಆ ಹೊತ್ತಿಗೆ ಗುಲ್ಮಾರ್ಗ್‌ನಲ್ಲಿ ಸಾಮಾನ್ಯವಾಗಿ ದಪ್ಪ ಹಿಮ ಕೂತಿರುತ್ತದೆ.

ಆದರೆ ಬಿದ್ದಿರುವ ಹಿಮ ಬೇರೆ, ಬೀಳುವ ಹಿಮ ಬೇರೆ. ನಮ್ಮಲ್ಲಿ ಮುಂಗಾರು ಬಂದಂತೆ ಅಲ್ಲಿ ಹಿಮ ದಿನವೂ ಸುರಿಯುವುದಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ಮಾರುತಗಳು ಬಂದು ತಟ್ಟಿದಾಗ ಒಂದೆರಡು ದಿನ ಸುರಿಯುತ್ತದೆ, ಅದು ದಾಟಿ ಹೋದ ಮೇಲೆ ಹಲವು ದಿನ ಬರೀ ಬಿಸಿಲು. 2024ರ ಜನವರಿಯಲ್ಲಿ ಹೆಚ್ಚುಕಡಿಮೆ ಇಡೀ ತಿಂಗಳು ಗುಲ್ಮಾರ್ಗ್‌ನ ಬಯಲು ಒಣಹುಲ್ಲಾಗಿಯೇ ಇತ್ತು, ಹಿಮ ಬಂದದ್ದು ತಿಂಗಳ ಕೊನೆಗೆ. ಆದ್ದರಿಂದ ಶ್ರೀನಗರದಲ್ಲಿ ತಂಗಿ ಒಂದು ದಿನದ ಮಟ್ಟಿಗೆ ಟ್ಯಾಕ್ಸಿಯಲ್ಲಿ ಗುಲ್ಮಾರ್ಗ್‌ಗೆ ಹೋಗಿ ಬರುವ ಯೋಜನೆ ಹಾಕಬೇಡಿ. ಗುಲ್ಮಾರ್ಗ್‌ನಲ್ಲಿಯೇ, ಅಥವಾ ಹದಿಮೂರು ಕಿಲೋಮೀಟರ್ ಕೆಳಗಿರುವ ತಂಗ್‌ಮಾರ್ಗ್‌ನಲ್ಲಿ, ಕಡಿಮೆಯೆಂದರೆ ಮೂರು ರಾತ್ರಿ ಉಳಿಯಿರಿ. ಹಗಲು ಪ್ರವಾಸಿಗರು ತುಳಿದು ಕೆಸರಾಗಿಸಿದ ಹಿಮ ನಿಮ್ಮ ಗೆಳೆಯರ ಮೊದಲ ಹಿಮ ಆಗಬಾರದು. ಅಲ್ಲೇ ಉಳಿದವರಿಗೆ ಬೆಳಗಿನ ಜಾವ ಬೇಲಿಯ ಗೂಟಗಳ ಮೇಲೆ ಟೋಪಿ ಇಟ್ಟಂತೆ ಕೂತಿರುವ, ಯಾರೂ ಮುಟ್ಟದ ಹಿಮ ಸಿಗುತ್ತದೆ.

ರಸ್ತೆಯ ಮೇಲೆ ಹಿಮ ಇದ್ದರೆ ತಂಗ್‌ಮಾರ್ಗ್‌ನಿಂದ ಮುಂದೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳನ್ನಷ್ಟೇ ಬಿಡುತ್ತಾರೆ. ಮೈದಾನದಿಂದ ಮೇಲಕ್ಕೆ ಹೋಗುವ ಗೊಂಡೋಲಾದ (ತಂತಿಯ ಮೇಲೆ ತೂಗುತ್ತ ಸಾಗುವ ಕೇಬಲ್ ಕಾರ್) ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ಮೊದಲ ಹಂತ ಕೊಂಗ್‌ಡೂರಿಯವರೆಗೆ ಹೋಗುತ್ತದೆ, ನಿಮಗೆ ಅದು ಸಾಕು. ಎರಡನೆಯ ಹಂತ 3,900 ಮೀಟರಿಗೂ ಮೇಲೆ ಒಯ್ಯುವುದರಿಂದ ಮೈಸೂರಿನಿಂದ ನೇರವಾಗಿ ಬಂದವರಿಗೆ ತಲೆನೋವು, ಉಸಿರಿನ ತೊಂದರೆ ಆಗಬಹುದು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಶ್ರೀನಗರದ ವಿಮಾನ ನಿಲ್ದಾಣದಲ್ಲಿ ವಿದೇಶಿಯರು ತಮ್ಮ ವಿವರ ಬರೆಸಬೇಕಾಗುತ್ತದೆ, ಆದ್ದರಿಂದ ಪಾಸ್‌ಪೋರ್ಟ್, ವೀಸಾ ಮತ್ತು ಕಾಲೇಜಿನ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಹೊರಡುವ ಮುನ್ನ ಅಲ್ಲಿಯ ಭದ್ರತಾ ಪರಿಸ್ಥಿತಿಯನ್ನೂ ವಿಚಾರಿಸಿಕೊಳ್ಳಿ. ಹಿಮ ಸುರಿಯುವ ದಿನ ವಿಮಾನಗಳು ರದ್ದಾಗುವುದು ಅಲ್ಲಿ ಮಾಮೂಲು. 2025ರ ಜೂನ್‌ನಿಂದ ಜಮ್ಮು ಕಡೆಯ ಕಟ್ರಾ ಮತ್ತು ಶ್ರೀನಗರದ ನಡುವೆ ರೈಲು ಓಡುತ್ತಿರುವುದರಿಂದ ಹಿಂದಿರುಗಲು ಇನ್ನೊಂದು ದಾರಿಯೂ ಇದೆ.

ಬಾಗಲಕೋಟೆ ಚಾರಣಿಗ

ಮೇಲಿನವರು ಹೇಳಿದ್ದು ಸರಿಯಾಗಿದೆ. ಖರ್ಚು ಕಡಿಮೆ ಇರಬೇಕೆಂದರೆ ಮನಾಲಿಯನ್ನೂ ಯೋಚಿಸಬಹುದು, ದೆಹಲಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮನಾಲಿ ಪೇಟೆ ಸುಮಾರು 2,000 ಮೀಟರ್ ಎತ್ತರದಲ್ಲಿರುವುದರಿಂದ ಪೇಟೆಯಲ್ಲಿ ಹಿಮ ನಿಲ್ಲುವ ಭರವಸೆ ಇಲ್ಲ. ಸೋಲಂಗ್ ಕಣಿವೆಯಲ್ಲಿ ಹೆಚ್ಚು ಸಿಗುತ್ತದೆ, 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆಯ ಸಿಸ್ಸುವಿಗೆ ಹೋದರೆ ಇನ್ನೂ ಹೆಚ್ಚು. ಆದರೆ ಹೊಸ ಹಿಮ ಬಿದ್ದ ಕೂಡಲೇ ಸುರಂಗದ ದಾರಿಯಲ್ಲಿ ವಾಹನ ನಿಲ್ಲಿಸುತ್ತಾರೆ. ನೀವು ನೋಡಬೇಕೆಂದಿರುವ ದಿನವೇ ದಾರಿ ಮುಚ್ಚಿರುವ ಸಂಭವವಿದೆ.

ಸಿಕ್ಕಿಂ ಬಗ್ಗೆ ಯಾರಾದರೂ ಹೇಳಿದರೆ ಒಂದು ಮಾತು ನೆನಪಿರಲಿ. ವಿದೇಶಿಯರಿಗೆ ಸಿಕ್ಕಿಂ ಪ್ರವೇಶಿಸಲು ಪ್ರತ್ಯೇಕ ಪರವಾನಗಿ ಬೇಕು, ನಾಥೂ ಲಾ ಕಣಿವೆಗಂತೂ ಭಾರತೀಯರನ್ನು ಮಾತ್ರ ಬಿಡುತ್ತಾರೆ. ಅಷ್ಟು ದೂರ ಕರೆದುಕೊಂಡು ಹೋಗಿ ಗೆಳೆಯರನ್ನು ಕೆಳಗೆ ಬಿಟ್ಟು ನೀವೊಬ್ಬರೇ ಮೇಲೆ ಹೋಗುವ ಸ್ಥಿತಿ ಬರಬಾರದು.

ಬಟ್ಟೆಯ ವಿಷಯದಲ್ಲಿ ದಪ್ಪನೆಯ ಒಂದೇ ಕೋಟನ್ನು ನಂಬಬೇಡಿ. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಅದರ ಮೇಲೆ ಗಾಳಿ, ನೀರು ತಡೆಯುವ ಜಾಕೆಟ್ ಇರಲಿ. ಜೀನ್ಸ್ ಬೇಡ, ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಕಾಲುಚೀಲ ಎರಡು ಜೊತೆ ಹಾಕಿ ಬೂಟಿನೊಳಗೆ ಕಾಲು ತುರುಕಿದರೆ ರಕ್ತ ಸಂಚಾರ ಕಡಿಮೆಯಾಗಿ ಚಳಿ ಹೆಚ್ಚುತ್ತದೆ, ಉಣ್ಣೆಯ ಒಂದೇ ಜೊತೆ ಸಾಕು. ಕೋಟು, ಗಮ್‌ಬೂಟುಗಳು ಎರಡೂ ಕಡೆ ರಸ್ತೆಬದಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಗ್ಲೌಸ್ ಮಾತ್ರ ಸ್ವಂತದ್ದಿರಲಿ, ನೀರು ಹಿಡಿಯದಂಥದ್ದಿರಲಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಎರಚುವುದರಿಂದ ತಂಪು ಕನ್ನಡಕವಿಲ್ಲದೆ ಹೊರಗೆ ಹೋಗಬಾರದು. ಆಫ್ರಿಕಾದ ಬಿಸಿಲಿಗೆ ಒಗ್ಗಿದವರಿಗೆ ಏನೂ ಆಗದೆಂದು ಕೆಲವರು ಹೇಳುತ್ತಾರೆ, ಅದು ತಪ್ಪು, ಕಣ್ಣು ಯಾರದಾದರೂ ಕಣ್ಣೇ. ಹಗಲು ಕರಗಿದ ಹಿಮ ರಾತ್ರಿ ಗಟ್ಟಿಯಾದ ರಸ್ತೆಯ ಮೇಲೆ ಒದ್ದೆ ಗದ್ದೆಯ ಬದುವಿನಲ್ಲಿ ನಡೆಯುವಂತೆ ಪುಟ್ಟ ಹೆಜ್ಜೆಗಳನ್ನಿಟ್ಟು, ಅಂಗಾಲನ್ನು ಪೂರ್ತಿ ಊರಿ ನಡೆಯಿರಿ.

ಡುಲೂತ್ ಸರೋವರ

ನಾನು ತೀರ್ಥಹಳ್ಳಿಯವಳು, ಹನ್ನೊಂದು ವರ್ಷಗಳಿಂದ ಅಮೆರಿಕದ ಮಿನ್ನೆಸೋಟಾದಲ್ಲಿ, ಸುಪೀರಿಯರ್ ಸರೋವರದ ದಡದ ಡುಲೂತ್‌ನಲ್ಲಿದ್ದೇನೆ. ಊರಿನಿಂದ ಬಂದ ಅನೇಕರಿಗೆ ಮೊದಲ ಹಿಮ ತೋರಿಸಿದ್ದೇನೆ. ಸ್ಥಳದ ಬಗ್ಗೆ ಮೇಲಿನ ಇಬ್ಬರೂ ಹೇಳಿದ್ದಾರೆ, ತೋರಿಸುವ ರೀತಿಯ ಬಗ್ಗೆ ನನ್ನದೊಂದೆರಡು ಮಾತು.

ನಿಮ್ಮ ಗೆಳೆಯರಿಗಾಗಿ ಒಂದು ಕಪ್ಪು ಉಣ್ಣೆಯ ಬಟ್ಟೆ ತೆಗೆದುಕೊಂಡು ಹೋಗಿ. ಅದನ್ನು ಸ್ವಲ್ಪ ಹೊತ್ತು ಹೊರಗಿಟ್ಟು ತಣ್ಣಗಾಗಿಸಿ, ಆಮೇಲೆ ಬೀಳುವ ಹಿಮಕ್ಕೆ ಹಿಡಿಯಿರಿ. ಚಳಿ ಸೊನ್ನೆಯ ಹತ್ತಿರವಿದ್ದರೆ ಹಲವು ಹರಳುಗಳು ಒಂದಕ್ಕೊಂದು ಅಂಟಿಕೊಂಡು ಅರಳೆಯ ಎಸಳಿನಂತೆ ಬೀಳುತ್ತವೆ, ಬಿಡಿ ಹರಳು ಗುರುತಿಸುವುದು ಕಷ್ಟ. ಚಳಿ ಇನ್ನಷ್ಟು ಇಳಿದಾಗ ಒಂದೊಂದೇ ಹರಳು ಬಂದು ಕೂರುತ್ತದೆ. ಮೊಬೈಲ್‌ಗೆ ಅಂಟಿಸುವ ಪುಟ್ಟ ಮ್ಯಾಕ್ರೋ ಮಸೂರ ಇದ್ದರೆ ಆರು ತೋಳುಗಳು, ತೋಳಿನಿಂದ ಒಡೆದ ಕವಲುಗಳು ಎಲ್ಲವೂ ಕಾಣುತ್ತವೆ. ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿಯಲ್ಲಿ ಹಿಮದ ಹರಳಿನ ಚಿತ್ರ ತೆಗೆದು, ಬದುಕಿನುದ್ದಕ್ಕೂ ಐದು ಸಾವಿರಕ್ಕೂ ಹೆಚ್ಚು ಹರಳುಗಳನ್ನು ಸೆರೆಹಿಡಿದರು. ಅವರೂ ಹರಳುಗಳನ್ನು ಹಿಡಿಯುತ್ತಿದ್ದದ್ದು ಕಪ್ಪು ಹಲಗೆಯ ಮೇಲೆ. ಉಸಿರು ತಾಗಿದರೆ ಹರಳು ಕರಗುವುದರಿಂದ ಬಾಯಿ ಪಕ್ಕಕ್ಕೆ ತಿರುಗಿಸಿಕೊಂಡು ನೋಡಬೇಕು.

ಹಿಮದ ಉಂಡೆ ಕಟ್ಟಿ ಆಡುವ ಆಸೆ ಎಲ್ಲರಿಗೂ ಇರುತ್ತದೆ. ಗುಲ್ಮಾರ್ಗ್‌ನ ಒಣ ಹಿಮ ಉಂಡೆಯಾಗದಿದ್ದರೆ ಬೇಸರಪಡಬೇಡಿ. ನೀರಿಲ್ಲದ ರಾಗಿ ಹಿಟ್ಟನ್ನು ಮುದ್ದೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಉದುರುವಂತೆ ಅದು ಉದುರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲ್ಪದರ ತುಸು ಒದ್ದೆಯಾದಾಗ ಪ್ರಯತ್ನಿಸಿ. ಚಳಿ ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿಳಿದ ಬೆಳಿಗ್ಗೆಯಾದರೆ ಬೂಟಿನಡಿ ಹಿಮ ಕಿರುಗುಟ್ಟುತ್ತದೆ, ಹೊಸ ಬೆತ್ತದ ಕುರ್ಚಿಯಲ್ಲಿ ಕುಳಿತಾಗ ಬರುವಂಥ ಸದ್ದು ಅದು. ಹೊಸ ಹಿಮ ಸುತ್ತಲಿನ ಸದ್ದನ್ನು ಹೀರಿಕೊಳ್ಳುವುದರಿಂದ ಆ ಕಿರುಗುಟ್ಟುವಿಕೆಯೊಂದೇ ಸ್ಪಷ್ಟವಾಗಿ ಕೇಳುತ್ತದೆ.

ಕೊನೆಯದಾಗಿ, ಇದು ನನ್ನ ಕೋರಿಕೆ ಎಂದೇ ತಿಳಿಯಿರಿ. ಹಿಮ ಕಂಡ ಮೊದಲ ಹತ್ತು ನಿಮಿಷ ಅವರ ಮುಂದೆ ಮೊಬೈಲ್ ಹಿಡಿಯಬೇಡಿ, "ಹೇಗನ್ನಿಸುತ್ತಿದೆ" ಎಂದು ಕೇಳಬೇಡಿ. ನನ್ನ ಅತ್ತೆಯವರು ಬಂದಾಗ ನಾನು ಆ ತಪ್ಪು ಮಾಡಿದೆ. ಕ್ಯಾಮೆರಾ ಕಡೆ ನೋಡಿ ನಗುವುದರಲ್ಲೇ ಅವರ ಮೊದಲ ಹಿಮ ಕಳೆದುಹೋಯಿತು.

ಹುಣಸೂರು ರಸ್ತೆ (ಪ್ರವಾಸದ ನಂತರ)

ಉತ್ತರಿಸಿದ ಮೂವರಿಗೂ ಮನಸಾರೆ ವಂದನೆಗಳು. ಗುಲ್ಮಾರ್ಗ್‌ಗೆ ಹೋಗಿ ಬಂದೆವು. ಗುಲ್ಮಾರ್ಗ್‌ನ ಹೋಟೆಲ್ ದರ ನಮಗೆ ಹೆಚ್ಚೆನಿಸಿದ್ದರಿಂದ ಎರಡು ರಾತ್ರಿ ತಂಗ್‌ಮಾರ್ಗ್‌ನಲ್ಲಿ ಕಳೆದು, ಮೂರನೆಯ ರಾತ್ರಿ ಮಾತ್ರ ಮೇಲೆ ಉಳಿದೆವು. ಗ್ಲೌಸ್ ಬಗ್ಗೆ ಚಾರಣಿಗರು ಕೊಟ್ಟ ಎಚ್ಚರಿಕೆಯನ್ನು ನಾನು ಹಗುರವಾಗಿ ತೆಗೆದುಕೊಂಡು ಉಣ್ಣೆಯದನ್ನು ಒಯ್ದಿದ್ದೆ. ಅರ್ಧ ಗಂಟೆಯಲ್ಲಿ ಅದು ನೆನೆದು ಬೆರಳು ಮರಗಟ್ಟಿ, ಚಹಾ ಅಂಗಡಿಯವರು ತಮ್ಮ ಫೆರನ್ (ಕಾಶ್ಮೀರಿಗಳ ಸಡಿಲವಾದ ಉದ್ದ ನಿಲುವಂಗಿ) ಒಳಗಿನಿಂದ ಕಾಂಗ್ರಿ ತೆಗೆದು ನನ್ನ ಕೈಗಿತ್ತರು. ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಬೂದಿ ಮುಚ್ಚಿದ ಕೆಂಡ.

ಮೊದಲ ಎರಡು ದಿನ ಬಿಸಿಲಿತ್ತು. ಹಳೆಯ ಹಿಮದ ಮೇಲೆ ನಡೆದೆವು, ಗೆಳೆಯ ಖುಷಿಯಾಗಿದ್ದರೂ ಆಗಾಗ ಆಕಾಶ ನೋಡುತ್ತಿದ್ದ. ಮೂರನೆಯ ದಿನ ಸಂಜೆ ಮೋಡ ಕವಿಯಿತು, ರಾತ್ರಿ ಎರಡರ ಸುಮಾರಿಗೆ ಕಿಟಕಿಯ ಹೊರಗಿನ ದೀಪದ ಸುತ್ತ ಬಿಳಿಯ ಚುಕ್ಕೆಗಳು ಕಾಣಿಸಿಕೊಂಡವು. ಅವನನ್ನು ಎಬ್ಬಿಸಿ, ಕಪ್ಪು ಶಾಲು ಕೈಗೆ ಕೊಟ್ಟು, ನಾನು ಬಾಗಿಲಲ್ಲೇ ನಿಂತೆ. ಅವನು ಅಂಗಳದ ನಡುವೆ ಹೋಗಿ ಮಡಿಕೇರಿಯಲ್ಲಿ ಮಾಡಿದಂತೆಯೇ ಎರಡೂ ಅಂಗೈ ಚಾಚಿ ನಿಂತ. ಎಷ್ಟು ಹೊತ್ತು ನಿಂತಿದ್ದನೋ, ಒಳಗೆ ಬಂದಾಗ ಅವನ ಗುಂಗುರು ಕೂದಲ ಮೇಲೆ ಹಿಮ ಹಾಗೇ ಕೂತಿತ್ತು. ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟರೆ ಬೇಡವೆಂದ.

ಬೆಳಿಗ್ಗೆ ಹಿಮ ನಿಂತು ಚಳಿ ಬಿಗಿಯಾಗಿತ್ತು. ನನ್ನ ಪೋಸ್ಟ್‌ಪೇಯ್ಡ್ ಫೋನಿನಿಂದ ಮೋಶಿಯಲ್ಲಿರುವ ಸೋದರಮಾವನಿಗೆ ಕರೆ ಮಾಡಿದ. ಅಲ್ಲಿ ಇನ್ನೂ ಕತ್ತಲಿರುವ ಹೊತ್ತು, ಆದರೂ ಅವರು ಫೋನ್ ತೆಗೆದರು. ಸ್ವಾಹಿಲಿಯಲ್ಲಿ ನಡೆದ ಮಾತಿನಲ್ಲಿ ನನಗೆ ಅರ್ಥವಾದದ್ದು ತೆಲುಜಿ ಎಂಬ ಪದವೊಂದೇ. ಅವರು ಎತ್ತರ ಕೇಳಲಿಲ್ಲವಂತೆ, ಚಳಿ ಎಷ್ಟೆಂದೂ ಕೇಳಲಿಲ್ಲವಂತೆ. ಕಾಲಡಿ ಸದ್ದು ಬರುತ್ತಿದೆಯೇ ಎಂದಷ್ಟೇ ಕೇಳಿದರಂತೆ. ಅವನು ಫೋನನ್ನು ಬೂಟಿನ ಹತ್ತಿರಕ್ಕೆ ಬಗ್ಗಿಸಿ ಹಿಡಿದು, ಯಾರೂ ತುಳಿಯದ ಕಡೆ ನಿಧಾನವಾಗಿ ಒಂದು ಹೆಜ್ಜೆ ಇಟ್ಟ, ಸ್ವಲ್ಪ ತಡೆದು ಇನ್ನೊಂದು ಇಟ್ಟ.