1760ರ ಇಂಗ್ಲಿಷ್ ಕೂಲಿಯಾಳಿನ ಬದುಕು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಯಜಮಾನರ ಕಡೆಯವರು ಇಂಗ್ಲೆಂಡಿನ ಡಾರ್ಸೆಟ್‌ನವರು. ಅವರ ಹಿರಿಯರೊಬ್ಬರು 1760ರ ಸುಮಾರಿಗೆ ಅಲ್ಲಿ ಹೊಲದ ಕೂಲಿ ಮಾಡುತ್ತಿದ್ದರು. ಮದುವೆಯ ತಾರೀಖು ಬಿಟ್ಟರೆ ಏನೂ ಸಿಕ್ಕಿಲ್ಲ. ಹುಡುಕಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಮೇಡಂ, ಬಡವರಾಗಿದ್ದರೆ ಕಾಗದ ಸಿಗುವುದಿಲ್ಲ ಅಂದುಕೊಳ್ಳಬೇಡಿ. ಆಗ ಬಡವರನ್ನು ನೋಡಿಕೊಳ್ಳುವ ಖರ್ಚು ಆಯಾ ಪ್ಯಾರಿಷ್‌ನದು, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರಿನದು. ಊರಿನವರ ಮೇಲೆ ತೆರಿಗೆ ಹಾಕಿ ಆ ಹಣ ಎತ್ತುತ್ತಿದ್ದರು. ಹಾಗಾಗಿ ಯಾರು ಯಾವ ಪ್ಯಾರಿಷ್‌ಗೆ ಸೇರಿದವರು ಅನ್ನುವುದೇ ದೊಡ್ಡ ಜಗಳ. 1662ರ ಕಾನೂನಿನ ಪ್ರಕಾರ, ಹೊರಗಿನಿಂದ ಬಂದವರು ಊರಿಗೆ ಹೊರೆಯಾಗಬಹುದು ಅನಿಸಿದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ವಿಚಾರಿಸುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಹೊಲದಲ್ಲಿ ವರ್ಷವಿಡೀ ಆಳಾಗಿದ್ದೆ, ಸಂಬಳ ಎಷ್ಟು, ಮದುವೆ ಎಲ್ಲಾಯಿತು, ಮಕ್ಕಳೆಷ್ಟು? ಎಲ್ಲಾ ಬರೆದುಕೊಂಡು, ಕೊನೆಗೆ ಸಹಿ ಇಲ್ಲವೇ ಒಂದು ಗುರುತು ಹಾಕಿಸುತ್ತಿದ್ದರು. ಇದಕ್ಕೆ ಸೆಟಲ್‌ಮೆಂಟ್ ಎಗ್ಸಾಮಿನೇಷನ್ ಅಂತ ಹೆಸರು. ಓದುಬರಹ ಬಾರದ ಮನುಷ್ಯ ತನ್ನ ಕಥೆ ತಾನೇ ಹೇಳಿರುವುದು ಬೇರೆಲ್ಲೂ ಇಷ್ಟು ಸಿಗುವುದಿಲ್ಲ. ನಮ್ಮ ಮಾವನವರ ಕಡೆಯ ಒಬ್ಬರ ಹೇಳಿಕೆ ಓದಿದಾಗ ನನಗೆ ಕಣ್ಣೀರೇ ಬಂತು. ಹೆಂಡತಿ ಮಕ್ಕಳ ಸಮೇತ ಅವರನ್ನು ಹಳೇ ಊರಿಗೆ ವಾಪಸ್ ಕಳಿಸಿದ ಆದೇಶವೂ ಜೊತೆಗಿತ್ತು.

ಬಡವರ ಲೆಕ್ಕ ಬರೆಯುತ್ತಿದ್ದ ಓವರ್‌ಸಿಯರ್‌ಗಳ ಪುಸ್ತಕವನ್ನೂ ನೋಡಿ. ವಿಧವೆಗೆ ಒಂದು ಜೊತೆ ಬೂಟು, ಚಳಿಗೆ ಸೌದೆ, ಹೆಣದ ಪೆಟ್ಟಿಗೆಗೆ ಇಷ್ಟು, ಹೀಗೆ ಇರುತ್ತದೆ. ಡಾರ್ಸೆಟ್‌ನ ಹಳೇ ಕಾಗದಗಳಿಗೆ ಡಾರ್ಚೆಸ್ಟರ್‌ನಲ್ಲಿರುವ ಡಾರ್ಸೆಟ್ ಹಿಸ್ಟರಿ ಸೆಂಟರ್‌ನಲ್ಲಿ ವಿಚಾರಿಸಿ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ಆದರೆ ಅದಕ್ಕೆ ಮುಂಚೆ ಆ ಮದುವೆಯ ದಾಖಲೆಯನ್ನೇ ಇನ್ನೊಮ್ಮೆ ನೋಡಿ. ಆನ್‌ಲೈನ್ ಪಟ್ಟಿ ಸಾಲದು, ಪುಟದ ಫೋಟೋನೇ ಬೇಕು. 1754ರ ಮಾರ್ಚ್ 25ರಿಂದ ಗಂಡು ಹೆಣ್ಣು ಇಬ್ಬರೂ ಸಹಿ ಅಥವಾ ಗುರುತು ಹಾಕಬೇಕಿತ್ತು, ಸಾಕ್ಷಿಗಳೂ ಬೇಕಿತ್ತು. ಆ ಸಾಕ್ಷಿ ಎಷ್ಟೋ ಸಲ ಅಣ್ಣನೋ ತಂಗಿಯೋ ಆಗಿರುತ್ತಾರೆ. ಅದೇ ಹೆಸರು ಪ್ರತಿ ಮದುವೆಯಲ್ಲೂ ಇದ್ದರೆ ಮಾತ್ರ ಚರ್ಚಿನ ಕೆಲಸದವರು ಅಂತ ತಿಳಿಯಿರಿ.

ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆ ಹುಡುಕುವಾಗ ವರ್ಷದ ಕಡೆ ಗಮನವಿರಲಿ. 1752ಕ್ಕಿಂತ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1740ರ ಫೆಬ್ರವರಿ ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1741. ಚರ್ಚಿನ ಪುಸ್ತಕ ಹಾಳಾಗಿದ್ದರೆ ಬಿಷಪ್‌ಗೆ ಕಳಿಸುತ್ತಿದ್ದ ನಕಲು ಕೇಳಿ.

ಮತ್ತೊಬ್ಬರು: ಮದುವೆಯಾದ ಮೇಲೆ ಹೆಸರೇ ಕಾಣೆಯಾದರೆ ಸೈನ್ಯ ಸೇರಿರಬಹುದು. ಪಿಂಚಣಿ ಪಡೆದ ಸೈನಿಕರ ಬಿಡುಗಡೆ ಕಾಗದಗಳು 1760ರಿಂದ ಮುಂದಕ್ಕೆ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಹುಟ್ಟಿದ ಊರು, ವಯಸ್ಸು, ಮುಂಚೆ ಮಾಡುತ್ತಿದ್ದ ಕಸುಬು ಸಾಮಾನ್ಯವಾಗಿ ಅದರಲ್ಲೇ ಸಿಗುತ್ತದೆ. ಮದುವೆಯಾದ ಪ್ಯಾರಿಷ್ ಯಾವುದು ಅಂತ ಇಲ್ಲಿ ಬರೆಯಿರಿ, ನಾನೂ ಹುಡುಕಿ ನೋಡುತ್ತೇನೆ.