ಟೆಂಡರ್: ಬಿಓಕ್ಯೂ (ಕೆಲಸದ ಐಟಂಗಳು, ಅವುಗಳ ಪ್ರಮಾಣದ ಪಟ್ಟಿ) ಕೈಗೆ ಬಂದ ದಿನದಿಂದ ಕರಾರಿಗೆ ಸಹಿ ಬೀಳುವವರೆಗೆ ಏನೇನು ನಡೆಯುತ್ತೆ?

ಮೂಲೆಮಟ್ಟ

ಎಲ್ಲರಿಗೂ ನಮಸ್ಕಾರ. ಇದುವರೆಗೆ ಸಬ್ ಕಂಟ್ರಾಕ್ಟ್ ಕೆಲಸ ಮಾತ್ರ ಗೊತ್ತು. ಈಗ ಮೂರು ಅಂತಸ್ತಿನ ಆರ್‌ಸಿಸಿ ಕಟ್ಟಡಕ್ಕೆ ನೇರವಾಗಿ ಟೆಂಡರ್ ಹಾಕಬೇಕು. ಐಟಂ ರೇಟ್ ಟೆಂಡರ್ (ಪ್ರತಿ ಐಟಂಗೂ ಬೇರೆ ದರ ಬರೆಯೋದು), ಎರಡು ಲಕೋಟೆ ಪದ್ಧತಿ (ತಾಂತ್ರಿಕ ವಿವರ ಒಂದರಲ್ಲಿ, ದರ ಇನ್ನೊಂದರಲ್ಲಿ), ಸಲ್ಲಿಸೋಕೆ 28 ದಿನ ಇದೆ. ತಿಳಿದವರು ದಯವಿಟ್ಟು ಹೇಳಿ:

1. ಈ 28 ದಿನದಲ್ಲಿ ಯಾವುದನ್ನು ಮೊದಲು ಮಾಡಬೇಕು? ದರ ಬರೆಯುವಾಗ ಎಲ್ಲಿ ಎಡವುತ್ತಾರೆ?
2. ಕಡಿಮೆ ಮೊತ್ತ ಬರೆದವರಿಗೇ ಕೆಲಸ ಸಿಗುತ್ತಾ? ಲಕೋಟೆ ತೆರೆದ ಮೇಲೆ ಅವರು ನೋಡೋದೇನು?
3. ಮೊದಲು ಆಗೋ ಕೆಲಸಕ್ಕೆ ದರ ಏರಿಸಿ, ಕೊನೆಯಲ್ಲಿ ಆಗೋದಕ್ಕೆ ಇಳಿಸಿದರೆ ಕೈಯಲ್ಲಿ ದುಡ್ಡು ಓಡಾಡುತ್ತೆ ಅಂತಾರೆ. ಹಾಗೆ ಮಾಡಬಹುದಾ?

ಅಳತೆಪುಸ್ತಕ

ಮೊದಲನೇ ಪ್ರಶ್ನೆಗೆ. ಟೆಂಡರನ್ನು ಅರ್ಜಿ ಅಂದ್ಕೋಬೇಡಿ. ನೀವು ಸಹಿ ಹಾಕಿ ಕೊಟ್ಟಿದ್ದನ್ನು ಅವರು ಒಪ್ಪಿ ಪತ್ರ ಕಳಿಸಿದರೆ ಅದೇ ಕರಾರು. ಆಮೇಲೆ "ಇದು ಗೊತ್ತಿರಲಿಲ್ಲ" ಅಂದರೆ ನಡೆಯಲ್ಲ. ಅದಕ್ಕೇ ಮೊದಲ ನಾಲ್ಕೈದು ದಿನ ದರದ ತಂಟೆಗೇ ಹೋಗಬೇಡಿ, ಬರೀ ಓದಿ. ಷರತ್ತು, ಸ್ಪೆಸಿಫಿಕೇಶನ್ (ಸಾಮಗ್ರಿ, ಕೆಲಸ ಹೇಗಿರಬೇಕು ಅನ್ನೋ ವಿವರ), ನಕ್ಷೆ, ಬಿಓಕ್ಯೂ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಒಂದಕ್ಕೊಂದು ತಾಳೆ ಆಗದ ಕಡೆ ಗುರುತು ಹಾಕಿ. ದಾಖಲೆಗಳಲ್ಲಿ ವಿರೋಧ ಇದ್ದರೆ ಯಾವುದರ ಮಾತು ನಡೆಯುತ್ತೆ ಅನ್ನೋ ಕ್ರಮ ಷರತ್ತಿನಲ್ಲೇ ಇರುತ್ತೆ. ಉದಾಹರಣೆಗೆ ಸಲಹಾ ಇಂಜಿನಿಯರುಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಕೆಂಪು ಪುಸ್ತಕ ಅನ್ನೋ ಮಾದರಿ ಕರಾರಿನಲ್ಲಿ ಸ್ಪೆಸಿಫಿಕೇಶನ್, ಆಮೇಲೆ ನಕ್ಷೆ, ಬಿಓಕ್ಯೂ ಇರೋ ಶೆಡ್ಯೂಲ್‌ಗಳು ಅದಕ್ಕೂ ಕೆಳಗೆ. ಟೆರೇಸ್ ವಾಟರ್‌ಪ್ರೂಫಿಂಗ್ ಎರಡು ಪದರ ಅಂತ ಸ್ಪೆಸಿಫಿಕೇಶನ್‌ನಲ್ಲಿದ್ದು, ಬಿಓಕ್ಯೂನಲ್ಲಿ ಬರೀ "ವಾಟರ್‌ಪ್ರೂಫಿಂಗ್" ಅಂತಿದ್ದರೆ, ಎರಡು ಪದರಕ್ಕೇ ದರ ಹಾಕಬೇಕು.

ಗುರುತು ಹಾಕಿದ್ದನ್ನೆಲ್ಲ ಬರಹದಲ್ಲಿ ಕೇಳಿ. ಪ್ರೀ-ಬಿಡ್ ಸಭೆಯಲ್ಲಿ (ಬಿಡ್ ಅಂದರೆ ನೀವು ಸಲ್ಲಿಸೋ ಟೆಂಡರ್, ಅದಕ್ಕೂ ಮುಂಚೆ ನಡೆಯೋ ಸಭೆ) ಬಾಯಲ್ಲಿ ಸಿಕ್ಕ ಉತ್ತರಕ್ಕೆ ಬೆಲೆ ಇಲ್ಲ, ತಿದ್ದುಪಡಿ ಪತ್ರವಾಗಿ ಎಲ್ಲ ಬಿಡ್‌ದಾರರಿಗೂ ಬಂದದ್ದಕ್ಕೆ ಮಾತ್ರ ಬೆಲೆ. ಪ್ರಶ್ನೆ ಕಳಿಸೋಕೆ ಕೊನೆಯ ದಿನ ಸಲ್ಲಿಕೆಗಿಂತ ಎಷ್ಟೋ ಮುಂಚೆ ಇರುತ್ತೆ, ಅದನ್ನು ಗೋಡೆಗೆ ಅಂಟಿಸಿಕೊಳ್ಳಿ. ತಿದ್ದುಪಡಿಯಲ್ಲಿ ಬಿಓಕ್ಯೂ ಬದಲಾದರೆ ಹಳೇ ಹಾಳೆಯಲ್ಲಿ ದರ ತುಂಬಿ ಕೊಟ್ಟವರ ಬಿಡ್ ಅಲ್ಲೇ ಮುಗಿಯುತ್ತೆ. ಇದು ಆಗಾಗ ಆಗೋ ತಪ್ಪು.

ಜಾಗ ನೋಡಿಕೊಂಡು ಬನ್ನಿ. ಲಾರಿ ಒಳಗೆ ತಿರುಗುತ್ತಾ, ಅಂತರ್ಜಲ ಎಷ್ಟು ಆಳದಲ್ಲಿದೆ, ಕಟ್ಟಡದ ಕೆಲಸಕ್ಕೆ ನೀರು ಮತ್ತು ಕರೆಂಟ್ ಎಲ್ಲಿಂದ, ಅಗೆದ ಮಣ್ಣು ಎಷ್ಟು ದೂರ ಸಾಗಿಸಬೇಕು, ಪಕ್ಕದ ಕಟ್ಟಡದ ಪಾಯ ಎಷ್ಟು ಹತ್ತಿರ ಇದೆ. ಇವೆಲ್ಲ ದರದೊಳಗೆ ಬರಬೇಕು.

ಇನ್ನು ದರ. ಜನ ಸಾಮಗ್ರಿ ಬೆಲೆಯಲ್ಲಿ ತಪ್ಪುವುದು ಕಡಿಮೆ, ಅಳತೆಯ ನಿಯಮ ಓದದೆ ತಪ್ಪುವುದು ಜಾಸ್ತಿ. ಅಗೆತವನ್ನೇ ನೋಡಿ. 2 ಮೀಟರ್ ಚೌಕದ ಫುಟಿಂಗ್ (ಕಾಲಂನ ಪಾಯ), ಆಳ 1.5 ಮೀಟರ್. ನಕ್ಷೆಯ ಪ್ರಕಾರ 6 ಘನ ಮೀಟರ್. ಸೆಂಟ್ರಿಂಗ್ (ಕಾಂಕ್ರೀಟು ಹಿಡಿದಿಡೋ ಅಚ್ಚು) ನಿಲ್ಲಿಸೋಕೆ ಸುತ್ತ 0.3 ಮೀಟರ್ ಜಾಗ ಬೇಕು, ಹಾಗಾಗಿ ನೀವು ಅಗೆಯೋದು 2.6 ಗುಣಿಸು 2.6 ಗುಣಿಸು 1.5, ಅಂದರೆ 10.14 ಘನ ಮೀಟರ್. ಸಾಮಾನ್ಯ ಮಣ್ಣು ಅಗೆದ ಮೇಲೆ ಉಬ್ಬುತ್ತೆ, 25% ಅಂತ ಹಿಡಿದರೆ ಮೇಲೆ ಬೀಳೋ ರಾಶಿ ಸುಮಾರು 12.7 ಘನ ಮೀಟರ್. ಬಿಓಕ್ಯೂ ಮುನ್ನುಡಿಯಲ್ಲಿ "ಪಾಯದ ನಿವ್ವಳ ಅಳತೆಗೆ ಮಾತ್ರ ಹಣ" ಅಂತಿದ್ದರೆ ಬಿಲ್ ಆಗೋದು 6ಕ್ಕೆ. ಉಳಿದ ಖರ್ಚೆಲ್ಲ ಆ 6ರ ದರದಲ್ಲೇ ಕೂರಬೇಕು. ಬದಿ ಕುಸಿಯೋ ಮಣ್ಣಾದರೆ ಇಳಿಜಾರು ಕೊಡಬೇಕು ಅಥವಾ ಆಸರೆ ನಿಲ್ಲಿಸಬೇಕು, ಆ ಖರ್ಚು ಬೇರೆ.

ಇನ್ನೊಂದು ಜಾಗ ಕಾಂಕ್ರೀಟು. ಸೆಂಟ್ರಿಂಗ್‌ಗೆ ಬೇರೆ ಐಟಂ ಇದೆಯೋ, ಕಾಂಕ್ರೀಟ್ ದರದಲ್ಲೇ ಸೇರಿದೆಯೋ ನೋಡಿ. ಸೇರಿದ್ದರೆ ಕಾಲಂ ಮತ್ತು ಸ್ಲ್ಯಾಬ್‌ಗೆ ಒಂದೇ ದರ ಹಾಕೋ ಹಾಗಿಲ್ಲ. 300 ಮಿ.ಮೀ. ಚೌಕದ, 3 ಮೀಟರ್ ಎತ್ತರದ ಕಾಲಂನಲ್ಲಿ ಕಾಂಕ್ರೀಟು 0.27 ಘನ ಮೀಟರ್, ಸೆಂಟ್ರಿಂಗ್ 3.6 ಚದರ ಮೀಟರ್. ಅಂದರೆ ಒಂದು ಘನ ಮೀಟರಿಗೆ 13 ಚದರ ಮೀಟರಿಗಿಂತ ಜಾಸ್ತಿ. 150 ಮಿ.ಮೀ. ಸ್ಲ್ಯಾಬ್‌ನಲ್ಲಿ ಅದೇ ಒಂದು ಘನ ಮೀಟರಿಗೆ ಸುಮಾರು 6.7, ಆದರೆ ಅಲ್ಲಿ ಪ್ರಾಪ್ಸ್ (ಆಸರೆ ಕಂಬಗಳು) ಹೆಚ್ಚು ಬೇಕು, ಹೆಚ್ಚು ದಿನ ನಿಲ್ಲಬೇಕು.

ಸ್ಟೀಲಿನ ತೂಕ ನಕ್ಷೆಯಿಂದಲೇ ತೆಗೆಯಿರಿ. ಮಿ.ಮೀ. ಲೆಕ್ಕದ ಸರಳಿನ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅಂತ ಬರುತ್ತೆ, 12 ಮಿ.ಮೀ. ಸರಳಿಗೆ 0.89. ಜೋಡಣೆಯ ಲ್ಯಾಪ್ (ಎರಡು ಸರಳು ಒಂದರ ಪಕ್ಕ ಒಂದು ಸೇರೋ ಉದ್ದ), ಚೇರ್ (ಮೇಲಿನ ಸರಳನ್ನು ಎತ್ತಿ ಹಿಡಿಯೋ ಕಂಬಿ), ಬೈಂಡಿಂಗ್ ವೈರ್, ತುಂಡಾಗಿ ಉಳಿಯೋದು, ಇವುಗಳಲ್ಲಿ ಯಾವುದಕ್ಕೆ ಹಣ ಇದೆ, ಯಾವುದಕ್ಕಿಲ್ಲ ಅನ್ನೋದನ್ನೂ ಅಳತೆ ನಿಯಮವೇ ಹೇಳುತ್ತೆ.

ಸೈಟ್ ಆಫೀಸು, ಕಾವಲು, ಇಂಜಿನಿಯರ್ ಸಂಬಳ, ಕ್ರೇನು, ವಿಮೆ ಇವು ಕಾಲಕ್ಕೆ ತಕ್ಕ ಖರ್ಚು. ಇದಕ್ಕೆ ಇಷ್ಟು ಪ್ರತಿಶತ ಅಂತ ಕಣ್ಣಂದಾಜಿನಲ್ಲಿ ಸೇರಿಸಬೇಡಿ. ತಿಂಗಳಿಗೆ ಎಷ್ಟು ಅಂತ ಲೆಕ್ಕ ಹಾಕಿ ಕಾಮಗಾರಿಯ ತಿಂಗಳುಗಳಿಂದ ಗುಣಿಸಿ, ಆಮೇಲೆ ಐಟಂಗಳಿಗೆ ಹಂಚಿ.

ಯಾವ ಐಟಂನ ದರದ ಕಾಲಮ್ಮನ್ನೂ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅದರ ಖರ್ಚು ಬೇರೆ ದರಗಳಲ್ಲಿ ಸೇರಿದೆ ಅಂತಲೇ ಹೆಚ್ಚಿನ ಕರಾರುಗಳಲ್ಲಿ ಅರ್ಥ. ಕೆಲಸ ಮಾಡಬೇಕು, ಹಣ ಬರಲ್ಲ.

ತೂಗುಗುಂಡು

ಎರಡನೇ ಪ್ರಶ್ನೆಗೆ, ಬಿಡ್ ಪರಿಶೀಲಿಸುವವರ ಕಡೆಯಿಂದ ಹೇಳ್ತೀನಿ.

ತೆರೆಯೋದು ಮೊದಲು ತಾಂತ್ರಿಕ ಲಕೋಟೆ ಮಾತ್ರ. ಅದರಲ್ಲಿ ಮೊದಲ ಜರಡಿ ಕಾಗದಪತ್ರದ್ದು: ಬಿಡ್ ಪತ್ರಕ್ಕೆ ಅಧಿಕಾರ ಇರುವವರ ಸಹಿ ಇದೆಯಾ, ಅಧಿಕಾರಪತ್ರ ಲಗತ್ತಿಸಿದೆಯಾ, ಬಿಡ್ ಜೊತೆ ಇಡೋ ಠೇವಣಿ ಅಥವಾ ಅದರ ಬದಲು ಬ್ಯಾಂಕ್ ಗ್ಯಾರಂಟಿ ಕೇಳಿದ ಮೊತ್ತಕ್ಕೆ, ಕೇಳಿದ ನಮೂನೆಯಲ್ಲಿ, ಕೇಳಿದ ಅವಧಿಗೆ ಇದೆಯಾ, ಬಿಡ್‌ನ ಸಿಂಧುತ್ವ ಎಷ್ಟು ದಿನ. ಇಲ್ಲಿ ಬಿದ್ದುಹೋಗುವ ಒಳ್ಳೆ ಗುತ್ತಿಗೆದಾರರನ್ನು ಕಂಡರೆ ಹೊಟ್ಟೆ ಉರಿಯುತ್ತೆ, ಏಕೆಂದರೆ ಕಾರಣ ಬಹಳ ಸಣ್ಣದು. ಗ್ಯಾರಂಟಿಯ ಅವಧಿ ನೋಡಿ. ವಿಶ್ವಬ್ಯಾಂಕಿನ ಮಾದರಿ ದಾಖಲೆಗಳಲ್ಲಿ ಅದು ಬಿಡ್ ಸಿಂಧುತ್ವ ಮುಗಿದ ಮೇಲೂ 28 ದಿನ ಚಾಲ್ತಿಯಲ್ಲಿರಬೇಕು. ಬಿಡ್‌ಗೆ 120 ದಿನ ಅಂತಿದ್ದರೆ ಗ್ಯಾರಂಟಿ 148 ದಿನಕ್ಕೆ ಬೇಕು. ಬ್ಯಾಂಕಿನವರು 120ಕ್ಕೇ ಕೊಟ್ಟರೆ ಬಿಡ್ ಹೋಯ್ತು. ಅದಕ್ಕೇ ಗ್ಯಾರಂಟಿಯ ಕೆಲಸ ಮೊದಲ ವಾರದಲ್ಲೇ ಶುರು ಮಾಡಿ, ಟೆಂಡರ್‌ನಲ್ಲಿರುವ ನಮೂನೆಯನ್ನು ಅಕ್ಷರಶಃ ಬ್ಯಾಂಕಿಗೆ ಕೊಡಿ.

ಎರಡನೇ ಜರಡಿ ಅರ್ಹತೆ: ವಹಿವಾಟು, ಇಂಥದ್ದೇ ಕೆಲಸ ಮುಗಿಸಿದ ಪ್ರಮಾಣಪತ್ರ, ಯಂತ್ರಗಳು, ಮುಖ್ಯ ಸಿಬ್ಬಂದಿ, ಕೈಯಲ್ಲಿರುವ ಬೇರೆ ಕಾಮಗಾರಿಗಳ ಹೊರೆ. ಸಬ್ ಕಂಟ್ರಾಕ್ಟ್ ಅನುಭವವನ್ನು ಲೆಕ್ಕಕ್ಕೆ ತಗೋತಾರಾ ಅನ್ನೋದು ನಿಮಗೆ ಜೀವಾಳದ ಪ್ರಶ್ನೆ. ಅದನ್ನು ಪ್ರೀ-ಬಿಡ್‌ನಲ್ಲೇ ಕೇಳಿಬಿಡಿ.

ಇದರಲ್ಲಿ ಉಳಿದವರದ್ದು ಮಾತ್ರ ದರದ ಲಕೋಟೆ ತೆರೆಯುತ್ತೆ. ತಾಂತ್ರಿಕ ಲಕೋಟೆಯಲ್ಲಿ ಎಲ್ಲಾದರೂ ಒಟ್ಟು ಮೊತ್ತ ಕಾಣಿಸಿದರೆ ಬಿಡ್ ತಿರಸ್ಕಾರವಾಗುತ್ತೆ, ಕವರಿಂಗ್ ಲೆಟರ್ ಬರೆಯುವಾಗ ಎಚ್ಚರ. ತೆರೆದ ಮೇಲೆ ಓದಿದ ಮೊತ್ತ ಅಂತಿಮ ಅಲ್ಲ, ಲೆಕ್ಕ ತಿದ್ದುತ್ತಾರೆ. ಸಾಮಾನ್ಯ ನಿಯಮ: ದರಕ್ಕೂ ಮೊತ್ತಕ್ಕೂ ಹೊಂದದಿದ್ದರೆ ದರವೇ ಸರಿ, ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರವೇ ಸರಿ. ಪ್ರಮಾಣ 120, ದರ 45, ಮೊತ್ತ 4,500 ಅಂತ ಬರೆದಿದ್ದರೆ ಅದನ್ನು 5,400 ಮಾಡ್ತಾರೆ. ದರದಲ್ಲಿ ದಶಾಂಶ ಬಿಂದು ಜಾರಿದ್ದು ಎದ್ದು ಕಂಡರೆ ಮಾತ್ರ ಮೊತ್ತವನ್ನು ಹಿಡಿದು ದರ ತಿದ್ದುವ ನಿಯಮ ಉಂಟು. ತಿದ್ದಿದ್ದನ್ನು ನೀವು ಒಪ್ಪದಿದ್ದರೆ ಬಿಡ್ ತಿರಸ್ಕಾರ, ಠೇವಣಿಯೂ ಹೋಗಬಹುದು.

ಆಮೇಲೆ ಕಡಿಮೆ ಮೊತ್ತದವರಿಗೇ ಕೆಲಸ ಅನ್ನೋದು ಬಹುಪಾಲು ನಿಜ, ಆದರೆ ಮೊತ್ತ ನಂಬೋಕೆ ಆಗದಷ್ಟು ಕಡಿಮೆ ಇದ್ದರೆ ದರ ವಿಶ್ಲೇಷಣೆ ಕೇಳ್ತಾರೆ. ಸಿಮೆಂಟಿಗೆ ಕೊಟೇಶನ್, ಕೂಲಿಯ ಲೆಕ್ಕ, ಯಂತ್ರದ ಗಂಟೆ ಎಲ್ಲ ತೋರಿಸಬೇಕು. ಅದಕ್ಕೆ ಉತ್ತರ ಇಲ್ಲದವರನ್ನು ಕೈಬಿಡಬಹುದು. "ಸ್ಟೀಲ್ ಬೆಲೆ ಏರಿದರೆ ದರ ಏರಿಸಬೇಕು" ಅಂತ ನೀವಾಗಿ ಷರತ್ತು ಬರೆದರೂ ಅದೇ ಗತಿ. ಒಪ್ಪಿಗೆ ಪತ್ರ ಬಂದ ಮೇಲೆ ಕಾರ್ಯನಿರ್ವಹಣೆಯ ಗ್ಯಾರಂಟಿ (ಕೆಲಸ ಕರಾರಿನಂತೆ ಮಾಡ್ತೀನಿ ಅನ್ನೋದಕ್ಕೆ ಭದ್ರತೆ) ಕೊಡಬೇಕು, ಸಾಮಾನ್ಯವಾಗಿ ಕರಾರಿನ 5ರಿಂದ 10%. ಅದು ಕೊಟ್ಟು ಕರಾರಿಗೆ ಸಹಿ ಹಾಕಿದ ಮೇಲೆ ಬಿಡ್ ಠೇವಣಿ ವಾಪಸ್.

ಮೂಲೆಮಟ್ಟ

ಇಬ್ಬರಿಗೂ ಧನ್ಯವಾದ ಸರ್. ಬಿಓಕ್ಯೂ ಮುನ್ನುಡಿ ಈಗ ತೆರೆದು ನೋಡಿದೆ: ಅಗೆತ ನಿವ್ವಳ ಅಳತೆಗೇ, ಸೆಂಟ್ರಿಂಗ್‌ಗೆ ಬೇರೆ ಐಟಂ ಇದೆ. ಷರತ್ತುಗಳು ಫಿಡಿಕ್ ಮಾದರಿಯಲ್ಲೇ ಇವೆ. ಮೂರನೇ ಪ್ರಶ್ನೆ ಇನ್ನೂ ಬಾಕಿ.

ಅಳತೆಪುಸ್ತಕ

ದುಡ್ಡಿನ ಓಡಾಟದ ಚಿಂತೆ ನ್ಯಾಯವಾದದ್ದೇ. 1999ರ ಕೆಂಪು ಪುಸ್ತಕದಲ್ಲಿ ನೀವು ಬಿಲ್ ಕೊಟ್ಟ 56 ದಿನದೊಳಗೆ ಹಣ ಬರಬೇಕು. ಬಿಲ್ ತಿಂಗಳಿಗೊಮ್ಮೆ. ತಿಂಗಳ ಮೊದಲ ದಿನ ಮಾಡಿದ ಖರ್ಚು ಕೈಗೆ ಮರಳೋಕೆ 86 ದಿನ ಹಿಡಿಯಬಹುದು. ಅದರಲ್ಲೂ ರಿಟೆನ್ಶನ್ (ಪ್ರತಿ ಬಿಲ್‌ನಲ್ಲೂ ತಡೆಹಿಡಿಯೋ ಪಾಲು) ಮುರಿದುಕೊಂಡೇ ಕೊಡ್ತಾರೆ. ಅಷ್ಟು ಬಂಡವಾಳದ ಬಡ್ಡಿಯನ್ನು ದರದಲ್ಲಿ ಸೇರಿಸಲೇಬೇಕು.

ಆದರೆ ದರ ಹಿಂದುಮುಂದು ಮಾಡಿದರೆ ಏನಾಗುತ್ತೆ ನೋಡಿ. ಅಗೆತ 1,000 ಘನ ಮೀಟರ್, ನಿಜವಾದ ದರ 100. ಟೈಲ್ 500 ಚದರ ಮೀಟರ್, ನಿಜವಾದ ದರ 400. ಒಟ್ಟು 3,00,000. ಈಗ ಅಗೆತಕ್ಕೆ 150, ಟೈಲಿಗೆ 300 ಬರೆದರೂ ಒಟ್ಟು 3,00,000ವೇ. ಕೆಲಸದಲ್ಲಿ ಅಗೆತ 800ಕ್ಕೆ ಇಳಿದು ಟೈಲ್ 650ಕ್ಕೆ ಏರಿತು ಅನ್ನಿ. ಬರೋ ಹಣ 1,20,000 ಮತ್ತು 1,95,000, ಸೇರಿ 3,15,000. ಆಗೋ ಖರ್ಚು 80,000 ಮತ್ತು 2,60,000, ಸೇರಿ 3,40,000. ಕೈಯಿಂದ 25,000 ಹೋಯ್ತು. ನೇರವಾದ ದರ ಬರೆದಿದ್ದರೆ ಪ್ರಮಾಣ ಹೇಗೇ ಬದಲಾದರೂ ಈ ನಷ್ಟ ಬರುತ್ತಿರಲಿಲ್ಲ.

ಪ್ರಮಾಣ 10%ಗಿಂತ ಹೆಚ್ಚು ಬದಲಾದರೆ ಹೊಸ ದರ ಕೇಳಬಹುದಲ್ಲ ಅನ್ನಬಹುದು. ಆ ನಿಯಮ ಕೆಂಪು ಪುಸ್ತಕದಲ್ಲಿ ಇದೆ, ಆದರೆ ಅದರ ಜೊತೆ ಇನ್ನೂ ಷರತ್ತುಗಳಿವೆ. ಮುಖ್ಯವಾದದ್ದು, ಪ್ರಮಾಣ ಬದಲಾದ ಕಾರಣಕ್ಕೇ ಪ್ರತಿ ಘಟಕದ ಖರ್ಚು 1%ಗಿಂತ ಹೆಚ್ಚು ಬದಲಾಗಿರಬೇಕು. ಟೈಲ್ 500ರಿಂದ 650 ಆದರೆ ಒಂದು ಚದರ ಮೀಟರ್ ಹಾಕೋ ಖರ್ಚು ಬದಲಾಗಲ್ಲ. ನೀವು ಬರೆದ ದರವೇ ಕಡಿಮೆ ಇತ್ತು ಅನ್ನೋದು ಕಾರಣವಾಗಿ ನಿಲ್ಲಲ್ಲ.

ತೂಗುಗುಂಡು

ಪರಿಶೀಲಿಸುವವರಿಗೆ ಇದು ಕಾಣದೆ ಇರಲ್ಲ. ಎಲ್ಲ ಬಿಡ್‌ಗಳ ದರಗಳನ್ನೂ ಅಂದಾಜುಪಟ್ಟಿಯ ಪಕ್ಕದಲ್ಲಿ ಸಾಲಾಗಿ ಇಟ್ಟಾಗ ಹೆಚ್ಚಿದ್ದೂ ಕಡಿಮೆಯಿದ್ದೂ ಎದ್ದು ಕಾಣುತ್ತೆ. ದರ ವಿಶ್ಲೇಷಣೆ ಕೇಳ್ತಾರೆ, ಇಲ್ಲವೇ ಕಾರ್ಯನಿರ್ವಹಣೆಯ ಗ್ಯಾರಂಟಿಯ ಮೊತ್ತ ಏರಿಸ್ತಾರೆ. ಆಗ ಬಂಡವಾಳ ಉಳಿಸೋಕೆ ಹೋಗಿ ಬ್ಯಾಂಕಿನಲ್ಲಿ ಅದಕ್ಕಿಂತ ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತೆ.

ನೇರ ದಾರಿಗಳಿವೆ. ಮುಂಗಡ ಹಣದ ಷರತ್ತು ಇದೆಯಾ, ಸೈಟಿಗೆ ತಂದಿಟ್ಟ ಸ್ಟೀಲ್‌ಗೆ ಅರ್ಧಂಬರ್ಧವಾದರೂ ಹಣ ಕೊಡ್ತಾರಾ ಅಂತ ಪ್ರೀ-ಬಿಡ್‌ನಲ್ಲಿ ಕೇಳಿ. ಬಿಓಕ್ಯೂನಲ್ಲಿ ಪ್ರಾರಂಭಿಕ ವ್ಯವಸ್ಥೆಗೆ ಪ್ರತ್ಯೇಕ ಐಟಂ ಇದ್ದರೆ ಸೈಟ್ ಆಫೀಸು, ಬೇಲಿ, ವಿಮೆಗಳ ನಿಜವಾದ ಖರ್ಚನ್ನು ಅಲ್ಲೇ ಬರೆಯಿರಿ, ಅದು ಮೊದಲ ಬಿಲ್‌ಗಳಲ್ಲೇ ಬರುತ್ತೆ. ಆನ್‌ಲೈನ್ ಸಲ್ಲಿಕೆಯಾದರೆ ಹಿಂದಿನ ದಿನವೇ ಅಪ್‌ಲೋಡ್ ಮುಗಿಸಿ, ಸ್ವೀಕೃತಿ ಸಂಖ್ಯೆ ಬಂದಿದೆಯಾ ನೋಡಿಕೊಳ್ಳಿ. ಡಿಜಿಟಲ್ ಸಹಿಯ ಅವಧಿ ಮುಗಿದಿದ್ದು ಕೊನೆಯ ಗಂಟೆಯಲ್ಲಿ ಗೊತ್ತಾದರೆ ಏನೂ ಮಾಡೋಕಾಗಲ್ಲ.

ಮೂಲೆಮಟ್ಟ

ತಿಳೀತು ಸರ್. ಮುಂಗಡದ ಷರತ್ತು ಇದೆ, ಸಾಮಗ್ರಿಗೆ ಹಣದ ಮಾತು ಎಲ್ಲೂ ಕಾಣಿಸಲಿಲ್ಲ. ಅದನ್ನೂ ಸಬ್ ಕಂಟ್ರಾಕ್ಟ್ ಅನುಭವದ ಪ್ರಶ್ನೆಯನ್ನೂ ಸೇರಿಸಿ ನಾಳೆಯೇ ಪತ್ರ ಕಳಿಸ್ತೀನಿ.